ಇಬ್ಬದಿಯ ಫ್ಲಾನೆಲ್ ಬೋರ್ಡು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಮಾಸ್ತರರಿಗೆ ಬೋರ್ಡು ಬಳಸುವುದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಇಪ್ಪತ್ತು ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತು ಸವೆದವರಿಗೆ ಅದರಲ್ಲಿ ಕಲಿಸುವುದೇನಿದೆ ಎಂದು ನೀವು ಕೇಳಬಹುದು. ಅವರೂ ಕೇಳಿದರು. ಆದರೆ ಇದು ಸೀಮೆಸುಣ್ಣದಲ್ಲಿ ಬರೆಯುವ ಕರಿಹಲಗೆ ಅಲ್ಲ, ಫ್ಲಾನೆಲ್ ಬೋರ್ಡು. ಮರದ ಚೌಕಟ್ಟಿಗೆ ನವಿರು ಜುಂಗಿನ ದಪ್ಪ ಬಟ್ಟೆ ಬಿಗಿಯುವುದು, ರಟ್ಟಿನಲ್ಲಿ ಕತ್ತರಿಸಿದ ಚಿತ್ರಗಳ ಬೆನ್ನಿಗೆ ಮರ ಉಜ್ಜುವ ಉಪ್ಪುಕಾಗದ ಅಂಟಿಸುವುದು. ಚಿತ್ರವನ್ನು ಬಟ್ಟೆಗೆ ಒತ್ತಿದರೆ ಅಲ್ಲೇ ಹಿಡಿದು ನಿಲ್ಲುತ್ತದೆ. ಇದರ ವಿಶೇಷವೆಂದರೆ ಮಾಸ್ತರರು ಸುಮ್ಮನಿರಬೇಕು. ಮಗುವೇ ಎದ್ದು ಬಂದು ಚಿತ್ರ ಹಚ್ಚಬೇಕು, ಸರಿಸಬೇಕು, ತೆಗೆಯಬೇಕು. ಈಗ ನನ್ನ ಮೊಮ್ಮಗಳ ಶಾಲೆಯಲ್ಲಿ ಬೆರಳು ತಾಗಿಸಿದರೆ ಚಿತ್ರ ಓಡಾಡುವ ಬೋರ್ಡು ಬಂದಿದೆಯಂತೆ. ಅದಕ್ಕೂ ಶಿಕ್ಷಕರಿಗೆ ತರಬೇತಿ ಕೊಡುತ್ತಾರಂತೆ. ಆ ತರಬೇತಿ ಕೊಡುವವರ ಬಗ್ಗೆ ನನಗೆ ಸಹಾನುಭೂತಿ ಇದೆ.

ನಾನು ತಜ್ಞನಾದದ್ದು ಹತ್ತು ದಿನಗಳಲ್ಲಿ. ಅಲ್ಲಿಯವರೆಗೆ ದೇವದುರ್ಗ ತಾಲೂಕಿನ ಒಂದು ಏಕೋಪಾಧ್ಯಾಯ ಶಾಲೆಯಲ್ಲಿ ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿಕೊಂಡಿದ್ದೆ. ದೂರದ ಚಳಿ ಊರೊಂದರಲ್ಲಿ ಫ್ಲಾನೆಲ್ ಬೋರ್ಡಿನ ಶಿಬಿರ ಏರ್ಪಾಟಾಗಿ, ರಾಯಚೂರು ಜಿಲ್ಲೆಯಿಂದ ಒಬ್ಬರನ್ನು ಕಳಿಸಬೇಕೆಂದು ಕಾಗದ ಬಂತು. ಹಿರಿಯರೆಲ್ಲ ಚಳಿಗೆ ಹೆದರಿ ಹಿಂದೆ ಸರಿದರು. ನನ್ನ ಹತ್ತಿರ ಸ್ವೆಟರ್ ಇತ್ತು. ಈ ಅರ್ಹತೆಯ ಮೇಲೆ ಹೋಗಿಬಂದವನಿಗೆ ಮೊಹರು ಬಿದ್ದ ಪ್ರಮಾಣಪತ್ರವೂ, ರಾಯಚೂರಿನ ತರಬೇತಿ ಕೇಂದ್ರದಲ್ಲಿ ಒಂದು ಹಂಗಾಮಿ ಜಾಗವೂ ಸಿಕ್ಕವು. ವರ್ಷದೊಳಗೆ ಹಳ್ಳಿಯ ಶಾಲೆಗಳಲ್ಲಿ ಬೋರ್ಡು ಯಶಸ್ವಿಯಾಗಿದೆ ಎಂದು ವರದಿ ಕೊಟ್ಟರೆ ಕಾಯಂ, ಇಲ್ಲದಿದ್ದರೆ ಮತ್ತೆ ದೇವದುರ್ಗದ ಬಸ್ಸು.

ಆ ಕಾಯಂ ಎಂಬುದು ನನಗಿಂತ ಹೆಚ್ಚಾಗಿ ಅವ್ವನಿಗೆ ಬೇಕಾಗಿತ್ತು. ಅವ್ವ ರಾಯಚೂರಿನ ಒಂದು ರೈಸ್ ಮಿಲ್ಲಿನ ಅಂಗಳ ಗುಡಿಸುತ್ತಿದ್ದಳು. ವರ್ಷಗಟ್ಟಲೆ ಭತ್ತದ ಹೊಟ್ಟಿನ ದೂಳು ಕುಡಿದು, ಒಂದು ಮಾತು ಮುಗಿಸಲು ಎರಡು ಸಲ ಕೆಮ್ಮುತ್ತಿದ್ದಳು. ಕೆಲಸ ಬಿಡು ಎಂದರೆ ಕೇಳುತ್ತಿರಲಿಲ್ಲ.

"ಹಂಗಾಮಿ ಅಂದ್ರ ಏನಪಾ? ಇವತ್ತ ಇಲ್ಲಿ, ನಾಳಿ ಎಲ್ಲೋ. ನೀ ಇಲ್ಲೇ ಕಾಯಂ ಆದಿ ಅಂದ್ರ ಅವತ್ತ ಕಸಬರಿಗಿ ಕೆಳಗಿಡ್ತೀನಿ. ಅಲ್ಲೀತನಾ ಸುಮ್ಮನಿರು," ಎನ್ನುತ್ತಿದ್ದಳು. ಸರ್ಕಾರದ ಬಗ್ಗೆ ಅವಳಿಗಿದ್ದ ತಿಳುವಳಿಕೆ ನನ್ನದಕ್ಕಿಂತ ಗಟ್ಟಿಯಾಗಿತ್ತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮದು ಊರ ಹೊರಗಿನ ಕೇರಿಯ ಮನೆತನ. ಮುಟ್ಟಬಾರದವರು ಎಂದು ಊರು ತೀರ್ಮಾನಿಸಿದ್ದ ಜನ. ಅಪ್ಪ ಸಾಯುವ ಕೆಲವು ವರ್ಷ ಮೊದಲು ಗೋಡೆಗೆ ಬುದ್ಧನ ಪಟ ತೂಗುಹಾಕಿ ಆ ತೀರ್ಮಾನವನ್ನು ತನ್ನ ಮಟ್ಟಿಗೆ ತಳ್ಳಿಹಾಕಿದ. ಆದರೂ ಏಳನೆಯ ಇಯತ್ತೆಯವರೆಗೆ ನಾನು ಕೂತು ಕಲಿತದ್ದು ಶಾಲೆಯ ಬಾಗಿಲ ಹತ್ತಿರ. ಬೋರ್ಡಿನ ಬಳಿ ಹೋದ ನೆನಪೇ ಇಲ್ಲ. ಬೋರ್ಡು ಬಳಸುವ ತಜ್ಞರ ಪೈಕಿ, ಮೀಸೆ ಮೂಡುವವರೆಗೂ ಬೋರ್ಡು ಮುಟ್ಟದವನು ನಾನೊಬ್ಬನೇ ಇರಬೇಕು. ಅಷ್ಟು ದೂರದಿಂದ ಓದಿ ಓದಿ ನನ್ನ ಕಣ್ಣು ಬಹಳ ಚುರುಕಾಗಿದೆ ಎಂದು ನಂಬಿಕೊಂಡಿದ್ದೆ. ಅದು ಬರೀ ಸೊಕ್ಕಾಗಿತ್ತು.

ತರಬೇತಿ ರಾಯಚೂರಿನಲ್ಲಿ, ಮೇ ತಿಂಗಳಿನಲ್ಲಿ, ತಗಡಿನ ಮಾಳಿಗೆಯ ಕೆಳಗೆ ನಡೆಯಿತು. ಆ ಬಿಸಿಲಿನಲ್ಲಿ ಫ್ಲಾನೆಲ್ ಬಟ್ಟೆ ಕಂಡರೇ ಮೈ ಬೆವರುತ್ತಿತ್ತು. ಮೇಲಿನಿಂದ ಕಳಿಸಿದ್ದ ಚಿತ್ರಗಳಲ್ಲಿ ಸೇಬು, ಹಡಗು, ಮತ್ತು ಟೊಪ್ಪಿಗೆ ಹಾಕಿಕೊಂಡ ಒಂದು ಹಿಮದ ಬೊಂಬೆ ಇದ್ದವು. ಹಿಮದ ಬೊಂಬೆಯನ್ನು ಎತ್ತಿ ತೋರಿಸಿ ಇದೇನು ಎಂದು ಕೇಳಿದೆ. ಮಾನ್ವಿಯ ಒಬ್ಬ ಮಾಸ್ತರರು ಬಹಳ ಹೊತ್ತು ನೋಡಿ, "ಅರಳಿ ಅಂಡಗಿ ಇರಬೇಕ್ರಿ. ಟೊಪಗಿ ಯಾಕ ಹಾಕ್ಯಾರೋ ಗೊತ್ತಾಗವಲ್ದು," ಎಂದರು. ಹತ್ತಿಯ ಮೂಟೆಯಷ್ಟೇ ಬಿಳಿಯಾದದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲವಾದ್ದರಿಂದ ಅದನ್ನೇ ಸರಿ ಉತ್ತರ ಎಂದು ಒಪ್ಪಿಕೊಂಡೆ.

ಎಲ್ಲಕ್ಕಿಂತ ಕಷ್ಟವಾದದ್ದು ಅವರ ಕೈಗಳನ್ನು ಸುಮ್ಮನಿರಿಸುವುದು. ಮಗು ಬೋರ್ಡಿನ ಬಳಿ ಇರುವಾಗ ಶಿಕ್ಷಕರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲತಕ್ಕದ್ದು ಎಂದು ಶಿಬಿರದಲ್ಲಿ ಕೊಟ್ಟ ಪುಸ್ತಕದಲ್ಲಿತ್ತು. ಮಾಸ್ತರರಲ್ಲಿ ಅರ್ಧ ಜನ ಮಕ್ಕಳಾಗಿ ಕೂತರು, ಉಳಿದ ಅರ್ಧ ಜನ ಮಾಸ್ತರರಾಗಿ ನಿಂತರು. ಮಕ್ಕಳಾದವರು ಚಿತ್ರವನ್ನು ತಲೆಕೆಳಗಾಗಿ ಹಚ್ಚಿದ ಕೂಡಲೇ ಮಾಸ್ತರರಾದವರ ಬಲಗೈ ತಾನಾಗಿಯೇ ಹೊರಬಂದು ಛಡಿಗಾಗಿ ತಡಕಾಡುತ್ತಿತ್ತು. ನಿವೃತ್ತಿಯ ಹತ್ತಿರವಿದ್ದ ಒಬ್ಬರು ಬೇಸತ್ತು ಕೂತುಬಿಟ್ಟರು.

"ಹುಡುಗ್ರು ಬೋರ್ಡಿನ ಮುಂದ ನಿಂತ್ರ ನಾವೇನ್ ಮಾಡಬೇಕ್ರಿ ಸರ್?"

"ನೋಡ್ತಾ ನಿಂದ್ರಬೇಕ್ರಿ."

"ನೋಡ್ತಾ ನಿಂತ್ರೂ ಪಗಾರ ಕೊಡ್ತಾರೇನ್ರಿ?"

ಎಲ್ಲರೂ ನಕ್ಕರು. ನಗದೆ ಇದ್ದವರು ಒಬ್ಬರೇ. ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಹೆಡ್ಮಾಸ್ತರರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ನಾನು ಕೆಮ್ಮಿದ್ದನ್ನೂ ಬರೆದುಕೊಂಡರೇನೋ ಎನ್ನುವಷ್ಟು ಶ್ರದ್ಧೆಯಿಂದ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಕೊನೆಯ ದಿನ ಅವರು ಒಂದೇ ಒಂದು ಪ್ರಶ್ನೆ ಕೇಳಿದರು.

"ಎಲ್ಲಾ ಹುಡುಗ್ರೂ ಬಂದು ಮುಟ್ಟಬೇಕೇನ್ರಿ? ಕೆಲವ್ರು ಕುಂತು ನೋಡಿದ್ರ ನಡೀತದೇನ್ರಿ?"

"ಎಲ್ಲಾರೂ ಬರಬೇಕ್ರಿ. ಒಬ್ಬರನ್ನೂ ಬಿಡಂಗಿಲ್ಲ," ಎಂದೆ, ಪ್ರಮಾಣಪತ್ರ ಪಡೆದವನ ಗತ್ತಿನಲ್ಲಿ. ಅವರು ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಮಳೆಗಾಲ ಕಳೆದ ಮೇಲೆ, ಬೋರ್ಡುಗಳು ಹೇಗಿವೆ ನೋಡಲು ಹೊರಟೆ. ದೇವದುರ್ಗದ ಸುತ್ತಮುತ್ತ ಅವು ಕ್ಷೇಮವಾಗಿದ್ದವು. ಒಂದು ಶಾಲೆಯಲ್ಲಿ ಸೇಬು ಹಡಗುಗಳೆಲ್ಲ ಸಾಲಾಗಿ ಬೋರ್ಡಿಗೆ ಗೋಂದಿನಿಂದ ಅಂಟಿಕೊಂಡಿದ್ದವು. "ಗಾಳಿಗಿ ಬೀಳ್ತಾವ್ರಿ. ಒಮ್ಮೆ ಅಂಟಿಸಿಬಿಟ್ರ ಚಿಂತಿಲ್ಲ," ಎಂದು ಮಾಸ್ತರರು ಸಮಾಧಾನ ಹೇಳಿದರು. ಇನ್ನೊಂದು ಶಾಲೆಯಲ್ಲಿ ಬೋರ್ಡು ಮೂರನೆಯ ಮತ್ತು ನಾಲ್ಕನೆಯ ತರಗತಿಗಳ ನಡುವೆ ಗೋಡೆಯ ಕೆಲಸ ಮಾಡುತ್ತಿತ್ತು. ಮತ್ತೊಂದರಲ್ಲಿ ಚೌಕಟ್ಟು ಮಾತ್ರ ಉಳಿದಿತ್ತು. ಬಟ್ಟೆಯನ್ನು ಮಾಸ್ತರರ ಮನೆಯಲ್ಲಿ ಹುಟ್ಟಿದ ಕೂಸಿಗೆ ಹೊದಿಸಿದ್ದರು. ಕೂಸು ಬೆಚ್ಚಗಿತ್ತು, ಅದನ್ನು ನಾನೇ ನೋಡಿಬಂದೆ. ಹಂಗಾಮಿ ನೌಕರನೊಬ್ಬ ಇದನ್ನೆಲ್ಲ ಯಶಸ್ಸು ಎಂದು ಹೇಗೆ ಬರೆಯಬೇಕೋ ಗೊತ್ತಾಗದೆ ಎರಡು ದಿನ ಒದ್ದಾಡಿದೆ.

ಮೂರನೆಯ ದಿನ ಜಾಲಹಳ್ಳಿ ಕಡೆಗೆ ಹೋಗುವ ಬಸ್ಸು ಹತ್ತಿ, ನಡುವೆ ಇಳಿದು, ಅರ್ಧ ತಾಸು ನಡೆದು ಆ ಹೆಡ್ಮಾಸ್ತರರ ಊರು ಮುಟ್ಟಿದೆ. ಊರಿನ ಹೆಸರು ಬೇಡ. ಅಲ್ಲಿ ಕಂಡದ್ದನ್ನು ನನ್ನ ಕಣ್ಣೇ ನಂಬಲಿಲ್ಲ. ಮಾಸ್ತರರು ಹಿಮದ ಬೊಂಬೆಯನ್ನು ಮೂಲೆಗೆ ತಳ್ಳಿ ಎತ್ತು, ಉಳುವ ರಂಟೆ, ಜೋಳದ ತೆನೆ, ಶೇಂಗಾ ಬಳ್ಳಿ, ಕೊಡ, ಬಂಡಿ ಎಲ್ಲವನ್ನೂ ತಾವೇ ರಟ್ಟಿನಲ್ಲಿ ಕತ್ತರಿಸಿ ಬಣ್ಣ ಹಚ್ಚಿದ್ದರು. ಬೋರ್ಡನ್ನು ತೊಲೆಗೆ ಕೊಂಡಿ ಹಾಕಿ ತೂಗುಬಿಟ್ಟಿದ್ದರು. ಊರ ಬಡಿಗೇರನ ಕೈಯಲ್ಲಿ ಮಾಡಿಸಿದ ಆ ಕೊಂಡಿ ಎಷ್ಟು ನಯವಾಗಿತ್ತೆಂದರೆ ಒಂದು ಬೆರಳಿನಿಂದ ತಳ್ಳಿದರೆ ಬೋರ್ಡು ಗಿರಕ್ಕನೆ ತಿರುಗಿ ನಿಲ್ಲುತ್ತಿತ್ತು. ಹಿಂಬದಿಗೂ ಫ್ಲಾನೆಲ್ ಬಿಗಿದಿದ್ದರು. ಎರಡು ತಗಡಿನ ಡಬ್ಬಿಗಳಲ್ಲಿ ಎರಡು ಜೊತೆ ಚಿತ್ರಗಳು, ಒಂದು ಡಬ್ಬಿ ಕಿಟಕಿಯ ಹತ್ತಿರ, ಇನ್ನೊಂದು ಬಾಗಿಲ ಹತ್ತಿರ.

ಪಾಠ ಶುರುವಾಯಿತು. ಮೊದಲು ಕಿಟಕಿಯ ಕಡೆಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಚಿತ್ರ ಹಚ್ಚಿದರು. ಮಾಸ್ತರರು ಕೈ ಹಿಂದೆ ಕಟ್ಟಿ ನಿಂತಿದ್ದರು. ಆಮೇಲೆ ಬೋರ್ಡು ತಿರುಗಿಸಿದರು. ಬಾಗಿಲ ಕಡೆಯ ಮಕ್ಕಳು ತಮ್ಮ ಡಬ್ಬಿಯಿಂದ ತೆಗೆದು ಹಚ್ಚಿದರು. ಗದ್ದಲವಿಲ್ಲ, ನೂಕಾಟವಿಲ್ಲ, ಒಂದು ಮಗುವೂ ಹೊರಗುಳಿಯಲಿಲ್ಲ. ಪುಸ್ತಕದಲ್ಲಿ "ಗುಂಪು ಕಲಿಕೆ" ಎಂಬ ಒಂದು ಅಧ್ಯಾಯವೇ ಇತ್ತು. ಶಿಬಿರದ ತಜ್ಞರಿಗೂ ಅದು ಸರಿಯಾಗಿ ತಿಳಿದಿರಲಿಲ್ಲ. ಇಲ್ಲಿ ಬಿಳಿ ಅಂಗಿಯ ಹೆಡ್ಮಾಸ್ತರರೊಬ್ಬರು ಅದನ್ನು ಒಂದು ಕೊಂಡಿಯಿಂದ ಸಾಧಿಸಿದ್ದರು. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಕಾಯಂ ಆದೇಶ ಕಣ್ಣೆದುರು ತೂಗಾಡುತ್ತಿರುವಾಗ ಮಕ್ಕಳು ಯಾರು ಎಲ್ಲಿ ಕೂತಿದ್ದಾರೆ ಎಂದು ನೋಡುವಷ್ಟು ಪುರಸೊತ್ತು ಯಾರಿಗಿರುತ್ತದೆ?

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಅವರ ಹೆಂಡತಿ ಮತ್ತೆ ಮತ್ತೆ ಬಡಿಸಿದರು.

"ನಿಮ್ದು ಯಾ ಊರ್ರಿ ಸರ್?" ಎಂದು ಹೆಡ್ಮಾಸ್ತರರು ಕೇಳಿದರು. ಇದು ಊರು ಕೇಳುವ ಪ್ರಶ್ನೆ ಅಲ್ಲವೆಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು.

"ರಾಯಚೂರ್ರಿ."

"ಹಂಗಂದ್ರ ಸಿಟಿಯವರು," ಎಂದು ಅವರು ತೃಪ್ತರಾದರು. ಪ್ಯಾಂಟು, ಕನ್ನಡಕ, ಸರ್ಕಾರದ ಚೀಲ ಮೂರೂ ಇದ್ದವನಿಗೆ ಬೇರೆ ಜಾತಿ ಇರಲಾರದು ಎಂದು ಅವರು ಲೆಕ್ಕ ಹಾಕಿರಬೇಕು. ನಾನೂ ತಿದ್ದಲು ಹೋಗಲಿಲ್ಲ. ರೊಟ್ಟಿ ಬಿಸಿಯಾಗಿತ್ತು.

ರಾಯಚೂರಿಗೆ ಮರಳಿ ನಾನು ಬರೆದ ವರದಿಯನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಇಬ್ಬದಿಯ ಬೋರ್ಡಿನಿಂದ ಆಗುವ ಕಟ್ಟಿಗೆಯ ಉಳಿತಾಯ, ಸಮಯದ ಉಳಿತಾಯ, ಮಕ್ಕಳ ಶಿಸ್ತು, ಎಲ್ಲವನ್ನೂ ವರ್ಣಿಸಿದೆ. ಕೊಂಡಿಯ ಚಿತ್ರವನ್ನೂ ಬರೆದೆ. ನಮ್ಮ ಕೇಂದ್ರದ ಸಾಹೇಬರು ಓದಿ, ಕುರ್ಚಿಯಿಂದ ಅರ್ಧ ಎದ್ದು ಕೈಕುಲುಕಿದರು. ವಾರದೊಳಗೆ ನನ್ನ ವಾಕ್ಯಗಳೇ ಅವರ ಸಹಿ ಹೊತ್ತು ಸುತ್ತೋಲೆಯಾಗಿ ಹೊರಟವು: ಪ್ರತಿ ಶಾಲೆಯೂ ಇಬ್ಬದಿಯ ಬೋರ್ಡನ್ನು ಮಾಡಿಸತಕ್ಕದ್ದು, ಮಕ್ಕಳನ್ನು ಎರಡು ಗುಂಪುಗಳಾಗಿ ವಿಂಗಡಿಸತಕ್ಕದ್ದು, ಪ್ರತಿ ಗುಂಪಿಗೂ ಪ್ರತ್ಯೇಕ ಚಿತ್ರಗಳನ್ನು ಇಡತಕ್ಕದ್ದು. ದೇವದುರ್ಗ, ಮಾನ್ವಿ, ಎಲ್ಲ ಕಡೆಗೂ ಹೋಯಿತು.

"ನಿಮ್ಮ ಫೈಲ್ ಮ್ಯಾಲ ಕಳಿಸೀನ್ರಿ. ಆರ್ಡರ್ ಬಂದಂಗ ತಿಳ್ಕೊಳ್ರಿ," ಎಂದರು ಸಾಹೇಬರು. ಅವ್ವನಿಗೆ ಹೇಳಿದೆ. ಅವಳು ಆರ್ಡರ್ ಕಾಗದ ಎಲ್ಲಿ ಎಂದು ಕೇಳಿ, ಇನ್ನೂ ಬಂದಿಲ್ಲವೆಂದಾಗ ಮರುದಿನ ಎಂದಿನಂತೆ ಮಿಲ್ಲಿಗೆ ಹೋದಳು.

ಮಾದರಿ ಶಾಲೆಯನ್ನು ಕಣ್ಣಾರೆ ತೋರಿಸಬೇಕೆಂದು ಸಾಹೇಬರಿಗೆ ಹುಮ್ಮಸ್ಸು ಬಂತು. ಮಾನ್ವಿ ತಾಲೂಕಿನ ಹನ್ನೆರಡು ಮಾಸ್ತರರನ್ನು ಕರೆದುಕೊಂಡು ನಾನು ಮತ್ತೆ ಆ ಊರಿಗೆ ಹೋದೆ. ಮಾಸ್ತರರು ಗೋಡೆಗುಂಟ ನಿಂತರು. ಪಾಠ ಮೊದಲಿನಂತೆಯೇ ನಯವಾಗಿ ಸಾಗಿತು. ಕಿಟಕಿಯ ಕಡೆಯ ಮಕ್ಕಳ ಸರದಿ ನಡೆದಾಗ, ಬಾಗಿಲ ಕಡೆಯಿಂದ ಒಂದು ಪುಟ್ಟ ಹುಡುಗಿ ಎದ್ದು ಬಂದಳು. ಆ ವಾರವೇ ಶಾಲೆಗೆ ಸೇರಿದವಳಂತೆ, ಇನ್ನೂ ರೀತಿ ತಿಳಿದಿರಲಿಲ್ಲ. ಕೈಯಲ್ಲಿ ನೀರಿನ ಕೊಡದ ಚಿತ್ರ. ಸೀದಾ ಬಂದು ಅದನ್ನು ಎತ್ತು ಮತ್ತು ಬಂಡಿಯ ನಡುವೆ ಒತ್ತಿ, ಸರಿಯಾಯಿತೇ ಎಂದು ನಮ್ಮ ಕಡೆ ತಿರುಗಿ ನೋಡಿದಳು.

ಹೆಡ್ಮಾಸ್ತರರು ಬೈಯಲಿಲ್ಲ, ಹೊಡೆಯಲಿಲ್ಲ. ಬೆನ್ನ ಹಿಂದಿನಿಂದ ಕೈ ತೆಗೆದು, ಮೇಜಿನ ಮೇಲಿದ್ದ ಕೋಲಿನ ತುದಿಯಿಂದ ಕೊಡದ ಚಿತ್ರವನ್ನು ಎಬ್ಬಿಸಿ ಬೀಳಿಸಿದರು. ಅದು ನೆಲದ ಮೇಲೆ ಬಿತ್ತು. ಬೋರ್ಡನ್ನು ತಿರುಗಿಸಿ, ಬಹಳ ಮೆತ್ತಗೆ ಹೇಳಿದರು.

"ನಿಂದು ಈ ಕಡಿ ಅದ ಯವ್ವಾ. ಎತ್ತಿಕೊಂಡು ಇಲ್ಲಿ ಹಚ್ಚು."

ಆಗ ನಾನು ಬಾಗಿಲ ಕಡೆ ನೋಡಿದೆ. ಯಾರ ಮಕ್ಕಳು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಂಥದೇ ಜಾಗದಲ್ಲಿ ನಾನೇ ಏಳು ವರ್ಷ ಕೂತಿದ್ದೆ. ಕಿಟಕಿಯ ಕಡೆ ಊರೊಳಗಿನ ಮಕ್ಕಳು, ಬಾಗಿಲ ಕಡೆ ಕೇರಿಯ ಮಕ್ಕಳು. ಆ ಡಬ್ಬಿಯ ಚಿತ್ರ ಈ ಡಬ್ಬಿಗೆ ತಾಗಬಾರದು, ಆ ಕೈ ಮುಟ್ಟಿದ ಬಟ್ಟೆಯನ್ನು ಈ ಕೈ ಮುಟ್ಟಬಾರದು. ಕಟ್ಟಿಗೆಯ ಉಳಿತಾಯ ಅಂತೆ. ಆ ಹುಡುಗಿ ಬಗ್ಗಿ ಚಿತ್ರ ಎತ್ತಿಕೊಂಡು, ತಿರುಗಿದ ಬೋರ್ಡಿಗೆ ಹಚ್ಚಿ, ಈ ಸಲ ಯಾರ ಕಡೆಗೂ ನೋಡದೆ ಹೋಗಿ ಕೂತಳು.

ನನ್ನ ಜೊತೆ ಬಂದಿದ್ದ ಹನ್ನೆರಡು ಜನರಲ್ಲಿ ಒಬ್ಬರೂ ಏನೂ ಕೇಳಲಿಲ್ಲ. ಅವರಿಗೆ ಕಾಲಿಟ್ಟ ಕೂಡಲೇ ಎಲ್ಲ ತಿಳಿದಿತ್ತು. ಕೆಲವರು ಆಗಲೇ ಕೊಂಡಿಯ ಅಳತೆ ತೆಗೆದುಕೊಳ್ಳುತ್ತಿದ್ದರು. ಹತ್ತು ದಿನದ ಶಿಬಿರ, ಮೊಹರಿನ ಪ್ರಮಾಣಪತ್ರ, ಬಾಗಿಲ ಬಳಿಯ ಏಳು ವರ್ಷ, ಇಷ್ಟೆಲ್ಲ ಇದ್ದೂ ಎರಡು ಸಲ ಬರಬೇಕಾದವನು ನಾನೊಬ್ಬನೇ.

ಪಾಠ ಮುಗಿದ ಮೇಲೆ ಹೆಡ್ಮಾಸ್ತರರನ್ನು ಬದಿಗೆ ಕರೆದು ಕೇಳಿದೆ. ಅವರು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಾದರೂ ಇದೆ ಎಂದೇ ಅವರಿಗೆ ಅನ್ನಿಸಿರಲಿಲ್ಲ.

"ನೀವಾ ಅಂದಿದ್ರಲ್ರಿ ಸರ್, ಎಲ್ಲಾರೂ ಬಂದು ಹಚ್ಚಬೇಕಂತ. ಕರಿ ಬೋರ್ಡ್ ಇದ್ದಾಗ ತಕರಾರ ಇದ್ದಿಲ್ಲ, ನಾ ಒಬ್ಬನಾ ಬರೀತಿದ್ದೆ. ಇದಕ್ಕ ಹುಡುಗ್ರು ಮುಟ್ಟಲೇಬೇಕು. ಊರಾಗಿನ ಮಂದಿ ತಮ್ಮ ಹುಡುಗ್ರನ್ನ ಬಿಡಿಸ್ತೀವಿ ಅಂದ್ರು. ಆ ಓಣಿ ಹುಡುಗ್ರನ್ನ ಕುಂದ್ರಿಸಿ ಬಿಡೂಣು ಅಂದ್ರ ನಿಮ್ಮ ಮಾತು ಮೀರಿದಂಗಾಗ್ತದ. ಮೂರ್ ದಿನ ವಿಚಾರ ಮಾಡಿ ಇದನ್ನ ತೆಗದೆ. ಯಾರಿಗೂ ತ್ರಾಸಿಲ್ಲ ನೋಡ್ರಿ. ಮದ್ಲ ಅವರು ಬೋರ್ಡಿನ ತನಕಾ ಬರ್ತಿದ್ದಿಲ್ಲ. ಈಗ ಬರಾಕತ್ತ್ಯಾರ. ನಿಮ್ಮಿಂದ ಆತು ಇದು."

ಅವರ ಮುಖದಲ್ಲಿ ಕೃತಜ್ಞತೆ ಇತ್ತು. ಅದನ್ನು ಕಂಡು ನನಗೆ ಎಂಥ ಸಿಟ್ಟು ಬಂತೆಂದರೆ, ಏನೂ ಹೇಳಲಾಗಲಿಲ್ಲ. ಹೇಳಲಾಗಲಿಲ್ಲ ಎಂಬುದು ಪೂರ್ತಿ ನಿಜವಲ್ಲ, ಹೇಳಲಿಲ್ಲ. ನಾನು ಯಾರ ಮಗ ಎಂದು ಒಂದು ವಾಕ್ಯ ಸಾಕಿತ್ತು. ಊಟಕ್ಕೆ ಕರೆದರು. ಹೊಟ್ಟೆ ಸರಿಯಿಲ್ಲ ಎಂದೆ. ಅವರ ಹೆಂಡತಿ ಪಾಪ, ಮಜ್ಜಿಗೆಗೆ ಇಂಗು ಹಾಕಿ ಕಳಿಸಿಕೊಟ್ಟರು.

ರಾಯಚೂರಿಗೆ ಬಂದವನೇ ಸಾಹೇಬರ ಕೋಣೆಗೆ ಹೋದೆ. ಬಸ್ಸಿನಲ್ಲಿ ಬರೆದ ಟಿಪ್ಪಣಿ ಕಿಸೆಯಲ್ಲಿತ್ತು. ಸುತ್ತೋಲೆಗೆ ಸಣ್ಣ ತಿದ್ದುಪಡಿ ಬೇಕೆಂದು ಮಾತು ತೆಗೆದೆ. ಆ ಊರಿನಲ್ಲಿ ಎರಡು ಬದಿ ಯಾತಕ್ಕೆ ಬಳಕೆಯಾಗುತ್ತಿದೆ ಎಂದೂ ಹೇಳಿದೆ. ಸಾಹೇಬರು ಸುತ್ತೋಲೆಯ ಪ್ರತಿಯನ್ನು ನನ್ನ ಮುಂದೆ ಸರಿಸಿದರು.

"ಇದ್ರಾಗ ಯಾವ ಶಬ್ದ ತಪ್ಪಾಗ್ಯಾದ ತೋರಸ್ರಿ. ಎರಡು ಗುಂಪು ಅಂತ ಅದ. ಯಾವ ಗುಂಪಂತ ಇಲ್ಲ. ಅವರು ತಮಗ ಬೇಕಾದಂಗ ಮಾಡಿಕೊಂಡ್ರ ನಾವೇನ್ ಮಾಡೂಣು? ಈಗ ತಿದ್ದುಪಡಿ ಅಂದ್ರ ನಿಮ್ಮ ರಿಪೋರ್ಟಾ ಸುಳ್ಳಂತಾಗ್ತದ. ನಿಮ್ಮ ಆರ್ಡರ್ ಇದೇ ವಾರ ಸಹಿಗಿ ಹೋಗಾಕತ್ತದ. ಬರ್ದು ಕೊಡ್ತೀನಿ ಅಂದ್ರ ಕೊಡ್ರಿ, ತೊಗೋತೀನಿ. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಬಹಳ ಹೊತ್ತೇನೂ ಹಿಡಿಯಲಿಲ್ಲ. ಆರ್ಡರ್ ಕೈಗೆ ಬಂದ ಮರುದಿನವೇ ಬರೆದುಕೊಡುವುದು ಎಂದು ನನ್ನೊಳಗೇ ಒಂದು ಒಪ್ಪಂದ ಮಾಡಿಕೊಂಡು ಟಿಪ್ಪಣಿಯನ್ನು ಕಿಸೆಯಲ್ಲೇ ಇಟ್ಟುಕೊಂಡು ಹೊರಬಂದೆ.

ಆರ್ಡರ್ ಬಂತು. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೂ ಕಾಗದವನ್ನು ಕೈಗೆ ತೆಗೆದುಕೊಂಡು ಮೊಹರಿನ ಮೇಲೆ ಬೆರಳಾಡಿಸಿದಳು. ಅವತ್ತೇ ಮಿಲ್ಲಿಗೆ ಹೋಗಿ, ಕಸಬರಿಗೆಯನ್ನು ಮಾಲೀಕರ ಗುಮಾಸ್ತನಿಗೆ ಒಪ್ಪಿಸಿ ಬಂದಳು. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗಿತು. ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸುವುದನ್ನು ಕೇಳಿ ನನಗೆ ಕಣ್ಣು ತುಂಬಿ ಬರುತ್ತಿತ್ತು. ಬೋರ್ಡಿನ ವಿಷಯ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಕಸಬರಿಗೆ ವಾಪಸು ತಂದು ಮೊದಲು ನನ್ನ ಮೇಲೆ ಆಡಿಸುತ್ತಿದ್ದಳು, ಆಮೇಲೆ ಮಿಲ್ಲಿನ ಅಂಗಳಕ್ಕೆ ಹೋಗುತ್ತಿದ್ದಳು.

ಬರೆದುಕೊಡುವ ಮರುದಿನ ಮಾತ್ರ ಬರಲಿಲ್ಲ. ಆ ವಾರ ಸಾಹೇಬರು ರಜೆಯಲ್ಲಿದ್ದರು, ಆಮೇಲೆ ಪರೀಕ್ಷೆ ಬಂತು, ಆಮೇಲೆ ಹೊಸ ತಂಡದ ತರಬೇತಿ. ಕಾಯಂ ಆದವನಿಗೆ ಕಾರಣಗಳ ಬರ ಇರುವುದಿಲ್ಲ. ಶಾಲೆಗಳ ಭೇಟಿಗೆ ಹೋದಾಗ ಒಳಗೆ ಕಾಲಿಡದೆ ಪಡಸಾಲೆಯಲ್ಲೇ ಕೂತು ಸಹಿ ಹಾಕಿ ಬರುವುದನ್ನು ಕಲಿತೆ. ಒಳಗಿನಿಂದ ಕೊಂಡಿ ತಿರುಗುವ ಸದ್ದು ಕೇಳಿಸುತ್ತಿತ್ತು. ಮೂರು ತಿಂಗಳು ಹೀಗೆ ಕಳೆದೆ.

ಆಮೇಲೆ ಒಂದು ದಿನ ಮಾನ್ವಿ ತಾಲೂಕಿನಲ್ಲಿ, ಕುರ್ಡಿ ದಾಟಿ ಒಂದು ಸಣ್ಣ ಹಳ್ಳಿಗೆ ಹೋಗಬೇಕಾಯಿತು. ಶಾಲೆಗೆ ಪಡಸಾಲೆ ಇರಲಿಲ್ಲ. ಇರುವುದೇ ಒಂದು ಕೋಣೆ, ಒಬ್ಬ ಟೀಚರು. ಹೊಸದಾಗಿ ನೇಮಕವಾಗಿ ಬಂದ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಸುತ್ತೋಲೆಯ ಪ್ರಕಾರ ಇಬ್ಬದಿಯ ಬೋರ್ಡು ತೂಗುತ್ತಿತ್ತು. ಮಕ್ಕಳು ಮಾತ್ರ ಶೇಂಗಾ ರಾಶಿಯಂತೆ ಒಂದರ ಮೇಲೊಂದು ಬಿದ್ದುಕೊಂಡು ಕೂತಿದ್ದವು. ನನ್ನನ್ನು ಕಂಡು ಆಕೆಗೆ ಜೀವ ಬಂದಂತಾಯಿತು.

"ಬರ್ರಿ ಸರ್. ಇದರ ತರಬೇತಿ ಕೊಟ್ಟವರು ನೀವಾ ಅಂತ ಕೇಳೀನಿ. ಎರಡು ಗುಂಪು ಮಾಡ್ರಿ ಅಂತ ಬರ್ದೀರಿ. ಯಾವ ಹುಡುಗ್ರು ಯಾವ ಕಡಿ ಅಂತ ಬರ್ದಿಲ್ಲ. ಎತ್ತರ ನೋಡಿ ಮಾಡಿದೆ, ಹಾಜರಿ ನಂಬರ್ ನೋಡಿ ಮಾಡಿದೆ. ಇವು ಕೇಳಂಗಿಲ್ರಿ, ಆ ಕಡಿ ಚಿತ್ರ ತಂದು ಈ ಕಡಿ ಹಚ್ತಾವ. ಇನ್ಸ್‌ಪೆಕ್ಟರ್ ಬಂದಾಗ, ಗುಂಪು ಸರಿಯಾಗಿ ಮಾಡಿಲ್ಲ ಅಂತ ಬರ್ದು ಹೋದ್ರು. ನಿಮ್ಮ ಕೂಡ ನೋಡಾಕ ಹೋಗಿದ್ದ ಮಾಸ್ತರ್ರನ್ನ ಕೇಳಿದ್ರ, ನಿನಗಾ ತಿಳೀತದ ತೊಗೋ ಅಂದ್ರು. ನನಗ ತಿಳೀವಲ್ದು. ನೀವಾ ಹೇಳ್ರಿ, ಹೆಂಗ ಬ್ಯಾರೆ ಮಾಡ್ಲಿ?"

ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲವೋ, ಅಥವಾ ಅದನ್ನು ನನ್ನ ಬಾಯಿಂದಲೇ ಹೊರಡಿಸಬೇಕೆಂದಿದ್ದಳೋ, ನನಗೆ ಇವತ್ತಿಗೂ ತಿಳಿದಿಲ್ಲ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದವು. ಯಾರು ಊರೊಳಗಿನವರು, ಯಾರು ಕೇರಿಯವರು ಎಂದು ಹೇಳಲು ಅಲ್ಲಿ ಯಾವ ಗುರುತೂ ಇರಲಿಲ್ಲ.

"ಗುಂಪು ಬ್ಯಾಡ್ರಿ," ಎಂದೆ. "ಹಿಂದಿನ ಬಟ್ಟಿ ಬಿಚ್ಚಿಬಿಡ್ರಿ. ಡಬ್ಬಿನೂ ಒಂದಾ ಇರ್ಲಿ."

"ಸುತ್ತೋಲಿ ಅದಲ್ರಿ?"

"ಅದು ತಪ್ಪಾಗ್ಯಾದ."

ಆಕೆ ಭೇಟಿ ಪುಸ್ತಕ ತಂದು ಮುಂದಿಟ್ಟಳು. "ಹಂಗಂತ ಬರ್ದು ಕೊಡ್ರಿ."

ಬಾಯಿಮಾತು ಸಾಕು, ಬರವಣಿಗೆ ಯಾಕೆ ಎಂದೆ. ಹಾಗೆ ಎಂದದ್ದು ನಾನೇ, ಬೇರೆ ಯಾರೂ ಅಲ್ಲ. ಆಕೆ ಪುಸ್ತಕ ಮುಚ್ಚಲಿಲ್ಲ.

"ಹಂಗಾದ್ರ ಬೋರ್ಡ್ ಹಂಗಾ ಇರ್ಲಿ ಬಿಡ್ರಿ ಸರ್. ಇನ್ಸ್‌ಪೆಕ್ಟರ್ ಮತ್ತ ಬರ್ತಾರ. ನನ್ನ ನೌಕರಿ ಇನ್ನಾ ಕಾಯಂ ಆಗಿಲ್ಲ. ನಿಮ್ದು ಆಗ್ಯಾದೇನ್ರಿ?"

"ಆಗ್ಯಾದ," ಎಂದೆ.

ಆಕೆ ಪೆನ್ನನ್ನು ನನ್ನ ಕಡೆ ಸರಿಸಿದಳು. ಅದರಲ್ಲಿ ಯಾವ ಚುಚ್ಚುಮಾತೂ ಇರಲಿಲ್ಲ. ಕಾಯಂ ಆದವರು ಬರೆಯುತ್ತಾರೆ ಎಂದಷ್ಟೇ ಆಕೆ ತಿಳಿದಿದ್ದಳು. ನಾನು ಬರೆದೆ. ಈ ಬೋರ್ಡಿಗೆ ಹಿಂಬದಿ ಬೇಡ. ಮಕ್ಕಳನ್ನು ಬೇರೆ ಮಾಡುವುದು ಬೇಡ. ಇಬ್ಬದಿಯ ಬೋರ್ಡು ಕೇರಿಯ ಮಕ್ಕಳು ಮುಟ್ಟಿದ ಮೈಲಿಗೆ ತಪ್ಪಿಸಲು ಹುಟ್ಟಿದ್ದು. ಅದು ತಿಳಿದೂ ನಾನು ಸುಮ್ಮನಿದ್ದೆ. ಸುತ್ತೋಲೆಯ ತಪ್ಪಿಗೆ ನಾನು ಹೊಣೆ. ಐದು ಸಾಲು. ಕೆಳಗೆ ಸಹಿ. ಅದರ ಪ್ರತಿಯನ್ನೇ ಮರುದಿನ ಸಾಹೇಬರಿಗೂ ಕೊಟ್ಟೆ. ಅವರು ಓದಿ, ಒಂದು ವಾರ ನನ್ನ ಜೊತೆ ಮಾತು ಬಿಟ್ಟರು, ಆಮೇಲೆ ತಿದ್ದುಪಡಿಗೆ ಸಹಿ ಹಾಕಿದರು. ಅಷ್ಟೇ ಆದದ್ದು. ಕಾಯಂ ನೌಕರನಿಗೆ ಯಾರೂ ಏನೂ ಮಾಡಲಾರರು. ಅದು ನನಗೆ ಮೂರು ತಿಂಗಳಿನಿಂದಲೂ ಗೊತ್ತಿತ್ತು.

ತಿದ್ದುಪಡಿ ಹಿಡಿದುಕೊಂಡು ಶಾಲೆಯಿಂದ ಶಾಲೆಗೆ ನಾನೇ ಹೋದೆ. ಮೊದಲು ಹೋದದ್ದು ಮಾನ್ವಿಯ ಹತ್ತಿರದ ಒಂದು ಶಾಲೆಗೆ. ನಮ್ಮ ಸುತ್ತೋಲೆ ಬರುವ ಮೊದಲು ಅಲ್ಲಿ ಎಲ್ಲ ಮಕ್ಕಳೂ ಕೂಡಿಯೇ ಕೂರುತ್ತಿದ್ದರಂತೆ. ಹಿಂಬದಿಯ ಬಟ್ಟೆಯನ್ನು ನನ್ನ ಕೈಯಾರೆ ಬಿಚ್ಚಿದೆ, ಎರಡು ಡಬ್ಬಿಯ ಚಿತ್ರಗಳನ್ನು ಮೇಜಿನ ಮೇಲೆ ಒಂದೇ ಗುಡ್ಡೆಯಾಗಿ ಸುರಿದೆ, ಇನ್ನು ಯಾರು ಬೇಕಾದರೂ ಬಂದು ಹಚ್ಚಬಹುದು ಎಂದು ಹೇಳಿ ಕೈ ಹಿಂದೆ ಕಟ್ಟಿ ನಿಂತೆ. ಕಿಟಕಿಯ ಕಡೆಯ ಮಕ್ಕಳು ಎದ್ದು ಬಂದು ಹಚ್ಚಿ ಹೋದರು. ಬಾಗಿಲ ಕಡೆಯ ಮಕ್ಕಳು ಏಳಲಿಲ್ಲ. ಹೆದರಿಕೆಯೇನೂ ಅವರ ಮುಖದಲ್ಲಿರಲಿಲ್ಲ. ನಾನು ಬೋರ್ಡು ತಿರುಗಿಸುವುದನ್ನೇ ಕಾಯುತ್ತ, ಶಿಸ್ತಾಗಿ ಕೂತಿದ್ದರು.